ಮಗನ ಆರ್‌ಸಿ ಕಾರು: ಬ್ರಷ್‌ಲೆಸ್ ಹಾಕಿಸಬೇಕಾ, ಮೊದಲು ಇರುವುದನ್ನು ಸರಿ ಮಾಡಬೇಕಾ?

ತಿಪಟೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಇಲ್ಲಿ ಇದು ನನ್ನ ಮೊದಲ ಪ್ರಶ್ನೆ, ಸ್ವಲ್ಪ ಉದ್ದ ಆಗಬಹುದು.

ಮಗನಿಗೆ 9 ವರ್ಷ. ಹೋದ ದೀಪಾವಳಿಗೆ ನನ್ನ ತಮ್ಮ ಅವನಿಗೆ ಒಂದು ರಿಮೋಟ್ ಕಾರು ಕೊಡಿಸಿದ. ಜಾತ್ರೆಯಲ್ಲಿ ಸಿಗುವಂಥದ್ದಲ್ಲ, ಸ್ಕ್ರೂ ಬಿಚ್ಚಿ ಬಿಡಿಭಾಗ ಬದಲಾಯಿಸಬಹುದಾದ ಕಾರು. 1/14 ಅಳತೆ, ನಾಲ್ಕೂ ಚಕ್ರ ಎಳೆಯುತ್ತವೆ, 550 ಅನ್ನೋ ಬ್ರಷ್ಡ್ ಮೋಟರ್ (ಒಳಗೆ ಕಾರ್ಬನ್ ಬ್ರಷ್ ಇರುವಂಥದ್ದು), 7.4 ವೋಲ್ಟಿನ 1500 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ. ಮೊದಲ ಎರಡು ತಿಂಗಳು ತುಂಬಾ ಚೆನ್ನಾಗಿ ಓಡಿತು. ಒಂದು ಚಾರ್ಜಿಗೆ 12, 13 ನಿಮಿಷ ಬರುತ್ತಿತ್ತು. ಈಗ 7 ನಿಮಿಷಕ್ಕೆ ಸುಸ್ತಾಗುತ್ತದೆ. ಮೋಟರ್ ಮುಟ್ಟಲು ಆಗದಷ್ಟು ಬಿಸಿ. ಮುಂದಿನ ಎಡ ಚಕ್ರದಿಂದ ಕಿರ್ ಕಿರ್ ಅಂತ ಸದ್ದು ಬರುತ್ತಿದೆ. ನೇರವಾಗಿ ಬಿಟ್ಟರೂ ಎಡಕ್ಕೆ ಎಳೆಯುತ್ತದೆ. ರಿಮೋಟಿನಲ್ಲಿರುವ ಟ್ರಿಮ್ ಗುಂಡಿಯನ್ನು ಬಲಕ್ಕೆ ಕೊನೆಯವರೆಗೂ ತಿರುಗಿಸಿದ್ದಾಯಿತು, ಅದಕ್ಕಿಂತ ಮುಂದೆ ಹೋಗುವುದಿಲ್ಲ.

ಸದ್ದು ನಿಲ್ಲಲಿ ಅಂತ ನಮ್ಮ ಮಾವನವರು ಚಕ್ರದ ಸಂದಿಗೆ ಕೊಬ್ಬರಿ ಎಣ್ಣೆ ಬಿಟ್ಟರು. ಎರಡು ದಿನ ಸುಮ್ಮನಿತ್ತು, ಆಮೇಲೆ ಮತ್ತೆ ಶುರು, ಈ ಸಲ ಜಾಸ್ತಿ. ಇನ್ನೊಂದು ವಿಷಯ, ಬ್ಯಾಟರಿ ಸ್ವಲ್ಪ ಉಬ್ಬಿದ ಹಾಗೆ ಕಾಣುತ್ತದೆ. ಸಂಕ್ರಾಂತಿಗೆ ಊರಿಗೆ ಹೋದಾಗ ಹತ್ತು ದಿನ ಕಾರಿನಲ್ಲೇ ಇತ್ತು. ಅದಕ್ಕೇನಾದರೂ ಆಯಿತಾ ಗೊತ್ತಿಲ್ಲ.

ಮಗನಿಗೆ ಬೇಕಾಗಿರುವುದೇ ಬೇರೆ. ಬೆಂಗಳೂರಿನಲ್ಲಿರುವ ಅವನ ದೊಡ್ಡಪ್ಪನ ಮಗ ಬ್ರಷ್‌ಲೆಸ್ ಮೋಟರ್ (ಕಾರ್ಬನ್ ಬ್ರಷ್ ಇಲ್ಲದ್ದು, ಇನ್ನೂ ಜೋರಾಗಿ ಓಡುತ್ತದೆ) ಮತ್ತು 3 ಸೆಲ್ಲಿನ ಬ್ಯಾಟರಿ ಹಾಕಿಸಿಕೊಂಡಿದ್ದಾನೆ. ಇವನಿಗೂ ಅದೇ ಬೇಕು. ಒಂದು ಅಂಗಡಿಯಲ್ಲಿ ಕೇಳಿದೆ. ಹಳೆಯದನ್ನು ರಿಪೇರಿ ಮಾಡಿ ಪ್ರಯೋಜನ ಇಲ್ಲ, ಎಲ್ಲಾ ಬದಲಾಯಿಸಿ ಅಂತ ಹೇಳಿ, ಹೆಚ್ಚುಕಮ್ಮಿ ಹೊಸ ಕಾರಿನಷ್ಟೇ ಲೆಕ್ಕ ಕೊಟ್ಟರು. ಖರ್ಚು ಮಾಡಲು ನನಗೆ ಬೇಜಾರಿಲ್ಲ, ಅವನು ಇದನ್ನು ಅಷ್ಟು ಪ್ರೀತಿಯಿಂದ ಇಟ್ಟುಕೊಂಡಿದ್ದಾನೆ. ಆದರೆ ಅದರಿಂದ ಮೂಲ ತೊಂದರೆ ಹೋಗುತ್ತದಾ? ನಮ್ಮದು ಮಣ್ಣಿನ ಅಂಗಳ, ಪಕ್ಕದಲ್ಲೇ ಕಾಯಿ ಸುಲಿಯುತ್ತಾರೆ, ಮುಂದೆ ಒಂದು ಚಿಕ್ಕ ಡಾಂಬರು ರಸ್ತೆ. ಓಡಿಸುವ ಜಾಗ ಅಷ್ಟೇ.

ನಾನು ಮಿಕ್ಸಿ, ಹೊಲಿಗೆ ಯಂತ್ರ ಎಲ್ಲಾ ನಾನೇ ಬಿಚ್ಚಿ ಜೋಡಿಸುತ್ತೇನೆ, ಹಾಗಾಗಿ ಸ್ಪಾನರ್ ಹಿಡಿಯಲು ಹೆದರಿಕೆ ಇಲ್ಲ. ಎಲ್ಲಿಂದ ಶುರು ಮಾಡಬೇಕು ಅಂತ ಹೇಳಿ.

ಸ್ಪರ್ ಗೇರ್, ಬೆಂಗಳೂರು

ಮೇಡಂ, ಮೊದಲು ಬ್ಯಾಟರಿ. ಉಬ್ಬಿದೆ ಅಂದರೆ ಅದರ ಕೆಲಸ ಮುಗಿಯಿತು. ಇವತ್ತಿನಿಂದಲೇ ಚಾರ್ಜ್ ಮಾಡಬೇಡಿ, ಕಾರಿಗೂ ಹಾಕಬೇಡಿ. ಚುಚ್ಚುವುದು, ಒತ್ತಿ ಉಬ್ಬು ಇಳಿಸುವುದು ಯಾವುದನ್ನೂ ಮಾಡಬೇಡಿ, ಮಗನ ಕೈಗೂ ಸಿಗದ ಹಾಗೆ ನೋಡಿಕೊಳ್ಳಿ. ಎರಡೂ ಕನೆಕ್ಟರುಗಳ ಬಾಯಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಮಣ್ಣಿನ ಕುಂಡದಲ್ಲಿ ಒಣ ಮರಳು ಹಾಕಿ ಅದರಲ್ಲಿಟ್ಟು, ಕುಂಡವನ್ನು ಮನೆಯಿಂದ ಹೊರಗೆ ನೆರಳಿನಲ್ಲಿ ಇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ, ಕಸದ ಗಾಡಿಗೆ ಹಾಕಬೇಡಿ. ಲಾರಿಯ ಒಳಗೆ ಒತ್ತಿಕೊಂಡರೆ ಬೆಂಕಿ ಹತ್ತುತ್ತದೆ.

ಉಬ್ಬಿದ್ದು ಯಾಕೆ ಅಂದರೆ ಹತ್ತು ದಿನ ಕಾರಿನಲ್ಲೇ ಸಿಕ್ಕಿಸಿಟ್ಟಿದ್ದಕ್ಕೆ. ಸ್ವಿಚ್ ಆಫ್ ಇದ್ದರೂ ಕೆಲವು ಕಾರುಗಳು ಸಣ್ಣದಾಗಿ ಕರೆಂಟು ಹೀರುತ್ತಲೇ ಇರುತ್ತವೆ. ಲಿಪೊ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ, ನಿಮ್ಮದು ಎರಡು ಸೆಲ್, ಒಟ್ಟು 8.4. ಒಂದು ಸೆಲ್ 3 ವೋಲ್ಟಿಗಿಂತ ಕೆಳಗೆ ಹೋಯಿತು ಅಂದರೆ ಒಳಗೆ ಹಾಳಾಗಲು ಶುರುವಾಗುತ್ತದೆ, ಮತ್ತೆ ಚಾರ್ಜ್ ಮಾಡಿದಾಗ ಗ್ಯಾಸ್ ಕಟ್ಟಿಕೊಂಡು ಉಬ್ಬುತ್ತದೆ. ಹೊಸ ಬ್ಯಾಟರಿ ತಂದ ಮೇಲೆ ಇಷ್ಟು ಮಾಡಿ. ಆಟ ಮುಗಿದ ತಕ್ಷಣ ಬ್ಯಾಟರಿ ಕಳಚಿ. ಮೂರು ನಾಲ್ಕು ದಿನ ಓಡಿಸುವುದಿಲ್ಲ ಅನ್ನುವುದಾದರೆ ಪೂರ್ತಿ ತುಂಬಿಸಿಯೂ ಇಡಬೇಡಿ, ಖಾಲಿಯೂ ಇಡಬೇಡಿ, ಸೆಲ್ಲಿಗೆ 3.8 ವೋಲ್ಟಿನ ಆಸುಪಾಸಿನಲ್ಲಿ ಇಡಿ. ಸ್ಟೋರೇಜ್ ಅನ್ನುವ ಆಯ್ಕೆ ಇರುವ ಬ್ಯಾಲೆನ್ಸ್ ಚಾರ್ಜರ್ (ಎಲ್ಲಾ ಸೆಲ್ಲುಗಳನ್ನೂ ಸಮನಾಗಿ ತುಂಬಿಸುವಂಥದ್ದು) ತೆಗೆದುಕೊಂಡರೆ ಅದೇ ಆ ಮಟ್ಟಕ್ಕೆ ತಂದು ನಿಲ್ಲಿಸುತ್ತದೆ. ನನ್ನ ಕೇಳಿದರೆ ಈ ಕಾರಿಗೆ ನೀವು ಕೊಡಿಸಬೇಕಾದ ಮೊದಲ ಅಪ್‌ಗ್ರೇಡ್ ಈ ಚಾರ್ಜರೇ, ಮೋಟರ್ ಅಲ್ಲ.

ಚಾರ್ಜ್ ಮಾಡುವಾಗ 1500 ಎಂಎಎಚ್ ಬ್ಯಾಟರಿಗೆ 1.5 ಆಂಪಿಯರ್ ಮೀರಬೇಡಿ. ಖಾಲಿಯಿಂದ ತುಂಬಲು ಸುಮಾರು ಒಂದು ಗಂಟೆ ಆಗುತ್ತದೆ. ಟೈಲ್ಸ್ ನೆಲದ ಮೇಲೆ, ದೊಡ್ಡವರು ಯಾರಾದರೂ ಎದುರಿಗೆ ಇರುವಾಗ ಮಾತ್ರ ಚಾರ್ಜ್. ಹಾಸಿಗೆ ಮೇಲೆ, ರಾತ್ರಿ ಮಲಗುವಾಗ ಖಂಡಿತ ಬೇಡ. ಓಡಿಸಿ ಬಂದ ತಕ್ಷಣವೂ ಬೇಡ, ಬ್ಯಾಟರಿ ತಣ್ಣಗಾಗಲಿ. ಬ್ಯಾಲೆನ್ಸ್ ವೈರಿಗೆ ಸಿಕ್ಕಿಸುವ ಪುಟ್ಟ ವೋಲ್ಟೇಜ್ ಬಜರ್ ಸಿಗುತ್ತದೆ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಳಿ ನೋಡಿ. ಅದನ್ನು ಸೆಲ್ಲಿಗೆ 3.5ಕ್ಕೆ ಇಟ್ಟರೆ ಕೀಂ ಅಂತ ಕೂಗುತ್ತದೆ, ಹುಡುಗ ತಾನೇ ನಿಲ್ಲಿಸುತ್ತಾನೆ. ಆಟ ಮುಗಿದ ಮೇಲೆ ಬಜರನ್ನೂ ಕಳಚಿ, ಇಲ್ಲದಿದ್ದರೆ ಅದೇ ಬ್ಯಾಟರಿ ಕುಡಿದು ಮುಗಿಸುತ್ತದೆ.

ಈಗ ಕಾರಿಗೆ ಬರೋಣ. ಸದ್ದು, ಎಡಕ್ಕೆ ಎಳೆಯುವುದು, ಬಿಸಿ, ಬೇಗ ಖಾಲಿ. ಇವು ನಾಲ್ಕು ತೊಂದರೆ ಅಲ್ಲ ಅಂತ ನನಗೆ ಅನಿಸುತ್ತದೆ, ಒಂದೇ ತೊಂದರೆ. ಮುಂದಿನ ಎಡ ಚಕ್ರ ಬಿಗಿಯಾಗಿದೆ. ಒಂದು ಕಡೆಯ ಚಕ್ರ ಹಿಡಿದುಕೊಂಡರೆ ಕಾರು ಆ ಕಡೆಗೇ ತಿರುಗುತ್ತದೆ, ಟ್ರಿಮ್ ಎಷ್ಟು ತಿರುಗಿಸಿದರೂ ಅಷ್ಟೇ. ಆ ಹಿಡಿತವನ್ನು ಮೀರಿ ಎಳೆಯಲು ಮೋಟರ್ ಜಾಸ್ತಿ ಕರೆಂಟು ತೆಗೆದುಕೊಳ್ಳುತ್ತದೆ, ಅದು ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಇದರ ಮೇಲೆ ಬ್ರಷ್‌ಲೆಸ್ ಹಾಕಿದರೆ ಬಿಗಿಯಾದ ಚಕ್ರವನ್ನು ಇನ್ನೂ ಜೋರಾಗಿ ತಿರುಗಿಸಿದ ಹಾಗೆ ಅಷ್ಟೇ.

ಹೀಗೆ ನೋಡಿ. ಬ್ಯಾಟರಿ ತೆಗೆದು ಕಾರನ್ನು ಒಂದು ಡಬ್ಬದ ಮೇಲೆ ಕೂರಿಸಿ, ಚಕ್ರ ಗಾಳಿಯಲ್ಲಿರಲಿ. ಮೋಟರಿನ ಎರಡು ಸ್ಕ್ರೂ ಸಡಿಲಿಸಿ, ಪಿನಿಯನ್ ಗೇರು, ಅಂದರೆ ಮೋಟರಿನ ತುದಿಯಲ್ಲಿರುವ ಪುಟ್ಟ ಗೇರು, ದೊಡ್ಡ ಗೇರಿನಿಂದ ದೂರ ಹೋಗುವ ಹಾಗೆ ಸರಿಸಿ. ಈಗ ಒಂದೊಂದೇ ಚಕ್ರವನ್ನು ಬೆರಳಲ್ಲಿ ತಿರುಗಿಸಿ. ಯಾವುದು ಕರಕರ ಅನ್ನುತ್ತದೆ, ಯಾವುದು ಹಿಡಿದು ನಿಲ್ಲುತ್ತದೆ ಅಂತ ಬೆರಳಿಗೇ ಗೊತ್ತಾಗುತ್ತದೆ. ಆಮೇಲೆ ಆ ಚಕ್ರದ ನಟ್ ಬಿಚ್ಚಿ. ಚಕ್ರದ ಹಿಂದೆ ಆರು ಮೂಲೆಯ 12 ಮಿಮೀ ಹೆಕ್ಸ್ ಇರುತ್ತದೆ, ಅದನ್ನು ಎಳೆದರೆ ಒಳಗಿನಿಂದ ಸೂಜಿಯಷ್ಟು ಸಣ್ಣ ಪಿನ್ ಬೀಳುತ್ತದೆ. ಅದು ಕಳೆದರೆ ಕಾರು ಓಡುವುದಿಲ್ಲ, ಕೆಳಗೆ ಒಂದು ಅಗಲ ತಟ್ಟೆ ಇಟ್ಟುಕೊಂಡೇ ಬಿಚ್ಚಿ.

ಅಲ್ಲಿ ಏನು ಸಿಗುತ್ತದೆ ಅಂತ ನಾನು ಈಗಲೇ ಹೇಳಬಲ್ಲೆ. ಕಾಯಿ ಸುಲಿಯುವ ಅಂಗಳ ಅಂದಿರಲ್ಲಾ, ತೆಂಗಿನ ನಾರು. ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಚಿಮಟದಲ್ಲಿ ಎಳೆಯಿರಿ, ಬ್ಲೇಡು ಹಿಡಿಯುವುದು ನೀವು. ಹಿಂದಿರುವ ಬೇರಿಂಗ್ ನೋಡಿ, ಅದು ತಿರುಗಿಸಿದಾಗ ಮರಳು ಅರೆದ ಹಾಗಿದ್ದರೆ ಬದಲಾಯಿಸಿ.

ಕೊಬ್ಬರಿ ಎಣ್ಣೆ ಬಗ್ಗೆ ಒಂದು ಮಾತು. ಹಿರಿಯರು ಒಳ್ಳೆಯದಕ್ಕೇ ಹಾಕಿದ್ದಾರೆ, ಆದರೆ ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ಬಿಳಿ ಗಟ್ಟಿ ಆಗಿರುತ್ತದಲ್ಲ, ಬೇರಿಂಗ್ ಒಳಗೂ ಅದೇ ಆಗುತ್ತದೆ. ಹೊರಗೆ ಮೆತ್ತಿಕೊಂಡಿದ್ದು ಧೂಳು ಹಿಡಿದು ಅಂಟು ಪೇಸ್ಟ್ ಆಗುತ್ತದೆ. ನಿಮ್ಮ ಹತ್ತಿರ ಹೊಲಿಗೆ ಯಂತ್ರದ ಎಣ್ಣೆ ಇದ್ದೇ ಇರುತ್ತದೆ, ಬೇರಿಂಗಿಗೆ ಒಂದೇ ಒಂದು ಹನಿ ಸಾಕು. ಡಬ್ಲ್ಯೂಡಿ-40 ತುಂಬಾ ಜನ ಹೊಡೆಯುತ್ತಾರೆ. ಅದು ನೀರು ಓಡಿಸಲು, ಕೊಳೆ ಬಿಡಿಸಲು ಒಳ್ಳೆಯದು. ಬೇರಿಂಗಿನಲ್ಲಿ ಉಳಿಯುವ ಎಣ್ಣೆ ಅಂತ ನಂಬಬೇಡಿ.

ಕೆಂಪು ಮಣ್ಣು, ಕೋಲಾರ

ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ, ನಮ್ಮದೂ ಮಣ್ಣಿನ ಜಾಗವೇ.

ಬೇರಿಂಗ್ ತರುವಾಗ ಕಾರಿನ ಹೆಸರು ಹೇಳಿ ಹುಡುಕಬೇಡಿ ಅಕ್ಕ, ಅಳತೆ ಹೇಳಿ. ಒಳಗಿನ ತೂತು, ಹೊರಗಿನ ಅಗಲ, ದಪ್ಪ, ಈ ಮೂರು. ಬೇರಿಂಗ್ ಮೇಲೇ ನಂಬರ್ ಕೆತ್ತಿರುತ್ತಾರೆ, ಭೂತಗನ್ನಡಿ ಹಿಡಿದು ಓದಿ. ಉದಾಹರಣೆಗೆ ಎಂಆರ್115 ಅಂದರೆ ಒಳಗೆ 5, ಹೊರಗೆ 11 ಮಿಮೀ, ದಪ್ಪ 4. ನಂಬರಿನ ಕೊನೆಯಲ್ಲಿ ಜೆಡ್‌ಜೆಡ್ ಇದ್ದರೆ ತಗಡಿನ ಮುಚ್ಚಳ, 2ಆರ್‌ಎಸ್ ಇದ್ದರೆ ರಬ್ಬರ್ ಮುಚ್ಚಳ. ನಮ್ಮಂಥ ಧೂಳಿಗೆ ರಬ್ಬರ್ ಮುಚ್ಚಳದ್ದೇ ತಗೊಳ್ಳಿ. ಸ್ವಲ್ಪ ನಿಧಾನ ತಿರುಗುತ್ತದೆ ಅಂತಾರೆ, ಮಕ್ಕಳ ಕಾರಿಗೆ ಅದು ಲೆಕ್ಕಕ್ಕೇ ಇಲ್ಲ. ಬೆಂಗಳೂರಿಗೆ ಯಾರಾದರೂ ಹೋಗುವವರಿದ್ದರೆ ಎಸ್‌ಜೆಪಿ ರೋಡಿನ ಬೇರಿಂಗ್ ಅಂಗಡಿಗಳಲ್ಲಿ ಕೇಳಿಸಿ.

ಪ್ರತಿ ಸಲ ಆಟ ಆದಮೇಲೆ ಐದು ನಿಮಿಷದ ಕೆಲಸ ಇಟ್ಟುಕೊಳ್ಳಿ. ಅರ್ಧ ಇಂಚಿನ ಪೇಂಟಿಂಗ್ ಬ್ರಷ್ ತಗೊಂಡು ಒಣ ಧೂಳು ಹೊಡೆಯುವುದು, ನಾಲ್ಕೂ ಆಕ್ಸಲ್ ಹತ್ತಿರ ನಾರು ಕೂದಲು ಇದೆಯಾ ನೋಡುವುದು, ಚಕ್ರದ ನಟ್ ಸಡಿಲ ಇದೆಯಾ ನೋಡುವುದು. ನೀರು ಬೇಡ. ಮಳೆಯಲ್ಲಿ ಅಕಸ್ಮಾತ್ ಓಡಿಸಿದರೆ ಚಕ್ರ ಕಳಚಿ, ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿ, ಬೇರಿಂಗಿಗೆ ಎಣ್ಣೆ ಹನಿ ಬಿಡಿ. ಇಲ್ಲದಿದ್ದರೆ ಬೇಗ ತುಕ್ಕು ಹಿಡಿಯುತ್ತದೆ.

ನನ್ನ ಅಣ್ಣನ ಮಗ 8 ವರ್ಷದವನು, ಈ ಕೆಲಸ ಪೂರ್ತಿ ಅವನದೇ. ಮೊದಲು ಬ್ರಷ್ ಹಿಡಿದರೆ ಮಾತ್ರ ಚಾರ್ಜಿಗೆ ಇಡುತ್ತೇನೆ ಅಂತ ಹೇಳಿದ್ದೆ, ಈಗ ಹೇಳುವುದೇ ಬೇಡ, ತಾನೇ ಹಳೆ ಟೀ ಶರ್ಟು ಹಾಸಿಕೊಂಡು ಕೂರುತ್ತಾನೆ.

ನಗೋಯಾ ವಾಸಿ

ನಾನು ಕೆಲಸದ ಮೇಲೆ ಜಪಾನಿನಲ್ಲಿದ್ದೇನೆ, ಮಗಳ ಜೊತೆ ಟಮಿಯಾ ಟಿಟಿ-02 ಕಿಟ್ ಜೋಡಿಸಿದ್ದೆ. ಆ ಕಂಪನಿ ಇರುವುದು ಇಲ್ಲಿಗೆ ಹತ್ತಿರದ ಶಿಜುವೊಕಾ ಊರಿನಲ್ಲಿ. ಪ್ರತಿ ವರ್ಷ ಮೇ ತಿಂಗಳಲ್ಲಿ ಅಲ್ಲಿ ದೊಡ್ಡ ಹಾಬಿ ಶೋ ನಡೆಯುತ್ತದೆ. ಟಿಟಿ-02 2013ರಲ್ಲಿ ಬಂದ ಚಾಸಿ, ಇವತ್ತಿಗೂ ಹೊಸಬರು ಇದರಿಂದಲೇ ಶುರು ಮಾಡುತ್ತಾರೆ. ಆ ಕಿಟ್ಟಿನಲ್ಲಿ ಸಾಮಾನ್ಯವಾಗಿ ಬೇರಿಂಗ್ ಬದಲು ಪ್ಲಾಸ್ಟಿಕ್ ಬುಷ್ (ಒಳಗೆ ಗುಂಡುಗಳಿಲ್ಲದ ಬಳೆ) ಕೊಟ್ಟಿರುತ್ತಾರೆ. ಇಲ್ಲಿ ಯಾರನ್ನೇ ಕೇಳಿ, ಮೊದಲು ಏನು ಬದಲಾಯಿಸಲಿ ಅಂದರೆ ಬುಷ್ ತೆಗೆದು ಬಾಲ್ ಬೇರಿಂಗ್ ಹಾಕು ಅಂತಲೇ ಹೇಳುತ್ತಾರೆ. ಕೋಲಾರದವರು ಹೇಳಿದ 5, 11, 4 ಅಳತೆಯದೇ, ಹದಿನಾರು ಬೇಕು. ಹಾಕಿದ ದಿನವೇ ವ್ಯತ್ಯಾಸ ಗೊತ್ತಾಯಿತು. ಅದೇ ಮೋಟರ್, ಅದೇ ಬ್ಯಾಟರಿ, ಆದರೆ ಗುಂಡಿ ಬಿಟ್ಟ ಮೇಲೆ ಕಾರು ಮೊದಲಿಗಿಂತ ತುಂಬಾ ದೂರ ಉರುಳಿಕೊಂಡು ಹೋಗುತ್ತಿತ್ತು. ಮಗಳು ಚಾಕ್‌ಪೀಸಿನಲ್ಲಿ ಗುರುತು ಹಾಕಿ ಅಳೆದಳು.

ಸ್ಕ್ರೂಡ್ರೈವರ್ ವಿಷಯ ಯಾರೂ ಹೇಳಲಿಲ್ಲ. ಇದು ಮುಖ್ಯ. ಸ್ಕ್ರೂ ತಲೆಗೆ ಸರಿ ಕೂರದ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆದು ದುಂಡಗಾಗುತ್ತದೆ, ಆಮೇಲೆ ಡ್ರಿಲ್ ಮಾಡಿಯೇ ತೆಗೆಯಬೇಕು. ಟಮಿಯಾದಂಥ ಜಪಾನಿನ ಕಾರಿನಲ್ಲಿ ಪ್ಲಸ್ ಸ್ಕ್ರೂ ಜೆಐಎಸ್ ಅನ್ನುವ ಜಪಾನಿನ ಮಾನಕದ ಅಳತೆಯದು, ಮಾಮೂಲಿ ಫಿಲಿಪ್ಸ್ ಜಾರುತ್ತದೆ. ನಿಮ್ಮ ಕಾರಿನಲ್ಲಿ ಆರು ಮೂಲೆಯ ಅಲೆನ್ ಸ್ಕ್ರೂ ಇದ್ದರೆ 1.5, 2 ಮತ್ತು 2.5 ಮಿಮೀ ಒಳ್ಳೆಯ ಉಕ್ಕಿನವು ತಗೊಳ್ಳಿ, ಕಾರಿನ ಜೊತೆ ಬರುವ ಬಾಗಿದ ಕಡ್ಡಿ ಬೇಡ.

ಪ್ಲಾಸ್ಟಿಕ್ಕಿಗೆ ಹೋಗುವ ಸ್ಕ್ರೂ ವಾಪಸ್ ಹಾಕುವಾಗ ಒಂದು ಅಭ್ಯಾಸ ಮಗನಿಗೆ ಕಲಿಸಿ. ಸ್ಕ್ರೂವನ್ನು ತೂತಿನಲ್ಲಿಟ್ಟು ಮೊದಲು ಉಲ್ಟಾ ತಿರುಗಿಸಬೇಕು. ಒಂದು ಕಡೆ ಟಕ್ ಅಂತ ಸಣ್ಣಗೆ ಕೆಳಗಿಳಿಯುತ್ತದೆ. ಅಲ್ಲಿಂದ ಬಿಗಿ ಮಾಡಿದರೆ ಮೊದಲೇ ಕೊರೆದಿದ್ದ ಹಳೆಯ ಗೀರಿನಲ್ಲೇ ಹೋಗುತ್ತದೆ, ಪ್ಲಾಸ್ಟಿಕ್ ಹೊಸದಾಗಿ ಕೊರೆಯುವುದಿಲ್ಲ. ನನ್ನ ಮಗಳು ಈ ಟಕ್ ಬರುವವರೆಗೂ ಉಸಿರು ಬಿಗಿ ಹಿಡಿದಿರುತ್ತಾಳೆ.

ಲೋಹಕ್ಕೆ ಲೋಹ ಸೇರುವ ಸ್ಕ್ರೂಗಳಿಗೆ, ಅಂದರೆ ಮೋಟರ್ ಸ್ಕ್ರೂ, ಪಿನಿಯನ್ನಿನ ಪುಟ್ಟ ಸ್ಕ್ರೂ, ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲ ಆಗದ ಹಾಗೆ ಹಿಡಿಯುವ ಅಂಟು) ಒಂದು ಚುಕ್ಕೆ ಹಾಕಿ. ಪ್ಲಾಸ್ಟಿಕ್ಕಿಗೆ ತಾಗಬಾರದು, ಕೆಲವು ಪ್ಲಾಸ್ಟಿಕ್ ಅದಕ್ಕೆ ಬಿರುಕು ಬಿಡುತ್ತವೆ.

ಥ್ರಾಟಲ್ ಅಪ್ಪ, ಹುಬ್ಬಳ್ಳಿ

ನಾನು ಸ್ವಲ್ಪ ಬೇರೆ ಥರ ಹೇಳುತ್ತೇನೆ. ಬ್ರಷ್‌ಲೆಸ್ ಬೇಡವೇ ಬೇಡ ಅನ್ನಬೇಡಿ. ನನ್ನ ಮಗಳಿಗೆ 11, ಅವಳ ಕಾರಿಗೆ ಹಾಕಿಸಿದ್ದೇನೆ. ರಿಮೋಟಿನಲ್ಲಿ ವೇಗದ ಮಿತಿಯನ್ನು 40 ಪರ್ಸೆಂಟಿಗೆ ಇಟ್ಟಿದ್ದೇನೆ. ಮೋಟರ್ ಬಿಸಿಯೇ ಆಗುವುದಿಲ್ಲ, ಕಾರ್ಬನ್ ಬ್ರಷ್ ಸವೆಯುವ ಚಿಂತೆ ಇಲ್ಲ, ಓಡುವ ಸಮಯವೂ ಜಾಸ್ತಿ. ಮಗು ಕಲಿತ ಹಾಗೆ ಮಿತಿ ಏರಿಸಬಹುದು. ಹುಡುಗನಿಗೆ ಆಸೆ ಇದೆ, ಅದನ್ನು ಪೂರ್ತಿ ಅಲ್ಲಗಳೆಯುವುದು ಯಾಕೆ ಅಂತ ನನ್ನ ಮಾತು.

ಸ್ಪರ್ ಗೇರ್, ಬೆಂಗಳೂರು

ಹುಬ್ಬಳ್ಳಿಯವರ ಮಾತು ಸರಿ, ಆದರೆ ಅದು ನಿಂತಿರುವುದು ಆ ರಿಮೋಟಿನ ಮೇಲೆ. ಮಿತಿ ಇಡುವ ಸೌಲಭ್ಯ ಇಲ್ಲದ ರಿಮೋಟಿನಲ್ಲಿ ಬ್ರಷ್‌ಲೆಸ್ ಹಾಕಿದರೆ ಮಗುವಿನ ಬೆರಳು ಎಷ್ಟು ಒತ್ತಿತೋ ಅಷ್ಟೂ ಹೋಗುತ್ತದೆ. ಕಾರು ಹೆಚ್ಚುಕಮ್ಮಿ ಒಂದು ಕಿಲೋ ತೂಕ. 30 ಕಿಮೀ ವೇಗದಲ್ಲಿ ಬಡಿಯುವುದಕ್ಕೂ 60ರಲ್ಲಿ ಬಡಿಯುವುದಕ್ಕೂ ಪೆಟ್ಟು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಂಗಳದಲ್ಲಿ ಕೆಲಸ ಮಾಡುವವರ ಕಾಲಿನ ಮೂಳೆಗೆ ಬಡಿದರೆ ಅಂತ ಯೋಚನೆ ಮಾಡಿ.

ತಿಪಟೂರಿನ ಮೇಡಂ, ಏನೇ ಕೊಳ್ಳುವ ಮುಂಚೆ ಒಂದು ವಿಷಯ ನೋಡಿ. ಸ್ಟೀರಿಂಗ್ ತಿರುಗಿಸುವ ಪುಟ್ಟ ಮೋಟರ್ ಡಬ್ಬ, ಅಂದರೆ ಸರ್ವೊದಿಂದ ಎಷ್ಟು ವೈರು ಬರುತ್ತದೆ ಎಣಿಸಿ. 3 ಇದ್ದರೆ ಮಾಮೂಲಿ ಸರ್ವೊ, ಯಾವ ಕಂಪನಿಯದೂ ಕೂರುತ್ತದೆ. 5 ಇದ್ದರೆ ಅದರ ಮಿದುಳು ಮುಖ್ಯ ಬೋರ್ಡಿನಲ್ಲೇ ಇದೆ ಅಂತ ಅರ್ಥ. ಇನ್ನೂ ಒಂದು, ಹೊಸಬರಿಗೆ ಅಂತ ಮಾಡಿದ ತುಂಬಾ ಕಾರುಗಳಲ್ಲಿ ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್ ಮತ್ತು ಮೋಟರಿಗೆ ಕರೆಂಟು ಅಳೆದು ಕೊಡುವ ಸ್ಪೀಡ್ ಕಂಟ್ರೋಲರ್ ಒಂದೇ ಬೋರ್ಡಿನಲ್ಲಿ ಸೇರಿಕೊಂಡಿರುತ್ತವೆ. ಹಾಗಿದ್ದರೆ ಬ್ರಷ್‌ಲೆಸ್ ಅಂದರೆ ಮೋಟರ್ ಒಂದೇ ಅಲ್ಲ, ಕಂಟ್ರೋಲರ್, ರಿಸೀವರ್, ರಿಮೋಟ್ ಎಲ್ಲಾ ಹೊಸದು ಬೇಕು. 2 ಸೆಲ್ಲಿಗೆ ಮಾಡಿದ ಬೋರ್ಡಿಗೆ 3 ಸೆಲ್ ಬ್ಯಾಟರಿ ಹಾಕಿದರೆ ಬೋರ್ಡು ಸುಡಬಹುದು, ಅದನ್ನಂತೂ ಮಾಡಲೇಬೇಡಿ.

ಬ್ರಷ್‌ಲೆಸ್ಸಿನಲ್ಲೂ ಸೆನ್ಸರ್ ಇಲ್ಲದ್ದು ಕಡಿಮೆ ಬೆಲೆಗೆ ಸಿಗುತ್ತದೆ. ಅದು ನಿಧಾನವಾಗಿ ಹೊರಡುವಾಗ ತಡವರಿಸುತ್ತದೆ, ತಟಕ್ ತಟಕ್ ಅಂತ ಜಗ್ಗುತ್ತದೆ. ಚಿಕ್ಕ ಮಕ್ಕಳು ಕಲಿಯುವುದೇ ನಿಧಾನದ ಓಟದಲ್ಲಿ. ಅಲ್ಲಿ ಬ್ರಷ್ಡ್ ಮೋಟರೇ ನಯ.

ನನ್ನ ಸಲಹೆ, ಮೊದಲು ಮಿತಿ ಇಡಬಹುದಾದ ರಿಮೋಟ್. ಟ್ರಾಕ್ಸಸ್ ಸ್ಲ್ಯಾಶ್ ಥರದ ಕಾರಿನ ಎಕ್ಸ್‌ಎಲ್-5 ಕಂಟ್ರೋಲರಿನಲ್ಲಿ ಟ್ರೇನಿಂಗ್ ಮೋಡ್ ಅಂತಲೇ ಇದೆ, ವೇಗ ಅರ್ಧಕ್ಕೆ ಇಳಿಯುತ್ತದೆ, ಬ್ರೇಕು ಪೂರ್ತಿ ಇರುತ್ತದೆ. ನಿಮ್ಮದರಲ್ಲಿ ಅದಿಲ್ಲದಿದ್ದರೆ ಇನ್ನೊಂದು ಅಗ್ಗದ ದಾರಿ ಇದೆ. ಪಿನಿಯನ್ ಗೇರನ್ನು ಒಂದೆರಡು ಹಲ್ಲು ಕಡಿಮೆ ಇರುವುದಕ್ಕೆ ಬದಲಾಯಿಸಿ. ಕೊನೆಯ ವೇಗ ಸ್ವಲ್ಪ ಇಳಿಯುತ್ತದೆ, ಎಳೆತ ಹೆಚ್ಚುತ್ತದೆ, ಮೋಟರ್ ತಂಪಾಗಿರುತ್ತದೆ. ಮಣ್ಣಿನ ಅಂಗಳಕ್ಕೆ ಇದಕ್ಕಿಂತ ಒಳ್ಳೆಯ ಅಪ್‌ಗ್ರೇಡ್ ನನಗೆ ಗೊತ್ತಿಲ್ಲ.

ಪಿನಿಯನ್ ವಾಪಸ್ ಕೂರಿಸುವಾಗ ಕಾಗದದ ಉಪಾಯ ಮಾಡಿ. ನೋಟ್‌ಬುಕ್ಕಿನ ಹಾಳೆಯಿಂದ ತೆಳುವಾದ ಪಟ್ಟಿ ಕತ್ತರಿಸಿ ಎರಡು ಗೇರುಗಳ ನಡುವೆ ತೂರಿಸಿ, ಮೋಟರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ, ಆಮೇಲೆ ಗೇರು ತಿರುಗಿಸಿ ಕಾಗದ ಹೊರಗೆ ತೆಗೆಯಿರಿ. ಕಾಗದ ಹರಿಯದೆ ನೆರಿಗೆ ಬಿದ್ದು ಹೊರಗೆ ಬಂದರೆ ಸರಿಯಾಗಿದೆ. ತುಂಬಾ ಬಿಗಿ ಇದ್ದರೆ ಬಿಸಿ ಆಗುತ್ತದೆ, ಸಡಿಲ ಇದ್ದರೆ ಹಲ್ಲು ಉದುರುತ್ತದೆ. ದೊಡ್ಡ ಗೇರನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಎಲ್ಲಾ ಕಡೆ ನೋಡಿ.

ಮಗನಿಗೆ ಇದನ್ನೂ ಹೇಳಿಕೊಡಿ. ಶುರು ಮಾಡುವಾಗ ಮೊದಲು ರಿಮೋಟ್ ಆನ್, ಆಮೇಲೆ ಕಾರು. ಮುಗಿಸುವಾಗ ಮೊದಲು ಕಾರು ಆಫ್, ಆಮೇಲೆ ರಿಮೋಟ್. ತಿರುಗುಮುರುಗಾದರೆ ಕೆಲವು ಕಾರು ತಾನೇ ಓಡಿಬಿಡುತ್ತವೆ. ಮತ್ತೆ, ಎರಡು ಬ್ಯಾಟರಿ ಇದ್ದರೆ ಒಂದು ಮುಗಿದ ತಕ್ಷಣ ಇನ್ನೊಂದು ಹಾಕಬೇಡಿ, ನಡುವೆ ಹದಿನೈದು ನಿಮಿಷ ಮೋಟರಿಗೆ ಬಿಡುವು ಕೊಡಿ.

ಥ್ರಾಟಲ್ ಅಪ್ಪ, ಹುಬ್ಬಳ್ಳಿ

ಒಪ್ಪಿದೆ ಸರ್. ಮಿತಿ ಇರುವ ರಿಮೋಟ್ ಮೊದಲು ಅನ್ನುವುದು ನನ್ನ ಮಾತಿನಲ್ಲಿ ಬಿಟ್ಟುಹೋಗಿತ್ತು, ನಾನೂ ಅದನ್ನೇ ಮೊದಲು ತಂದಿದ್ದು. ಇನ್ನೊಂದು, ರಿಮೋಟ್ ಕೊಳ್ಳುವಾಗ ಫೇಲ್‌ಸೇಫ್ ಇದೆಯಾ ಕೇಳಿ. ಸಿಗ್ನಲ್ ತಪ್ಪಿದಾಗ ಕಾರು ತಾನೇ ನಿಲ್ಲಬೇಕು. ನಮ್ಮ ಮನೆ ಹತ್ತಿರ ಒಂದು ಸಲ ರಿಮೋಟಿನ ಬ್ಯಾಟರಿ ಸತ್ತು ಕಾರು ಸೀದಾ ಚರಂಡಿಗೆ ಹೋಗಿತ್ತು, ಆವತ್ತೇ ಫೇಲ್‌ಸೇಫ್ ಸರಿ ಮಾಡಿಟ್ಟೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಚಕ್ರ ಗಾಳಿಯಲ್ಲಿಟ್ಟು ನಿಧಾನಕ್ಕೆ ಓಡಿಸುತ್ತಾ ರಿಮೋಟ್ ಆಫ್ ಮಾಡಿ, ಚಕ್ರ ನಿಲ್ಲಬೇಕು.

ತಿಪಟೂರಿನ ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ಭಾನುವಾರ ನಾನು, ಮಗ ಇಬ್ಬರೂ ಕೂತು ಬಿಚ್ಚಿದೆವು. ಸ್ಪರ್ ಗೇರ್ ಅವರು ಹೇಳಿದ ಹಾಗೆ ತಟ್ಟೆ ಇಟ್ಟುಕೊಂಡಿದ್ದೆ, ಪಿನ್ ಟಣ್ ಅಂತ ಅದರಲ್ಲೇ ಬಿತ್ತು.

ನಾರೇ. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಹೆಕ್ಸ್ ತೆಗೆದ ಮೇಲೆ ಕಂದು ಬಣ್ಣದ ಉಂಗುರದ ಹಾಗೆ ಕಂಡಿತು, ನಾನು ಅದು ಕಾರಿನದೇ ವಾಷರ್ ಅಂದುಕೊಂಡೆ. ಅಷ್ಟು ಬಿಗಿಯಾಗಿ, ನುಣ್ಣಗೆ ಸುತ್ತಿಕೊಂಡಿತ್ತು. ಬ್ಲೇಡಿನಿಂದ ಸೀಳಿದ ಮೇಲೆ ಎಳೆ ಎಳೆಯಾಗಿ ಬಿಚ್ಚಿತು, ನಡುವೆ ನನ್ನದೇ ಒಂದು ಉದ್ದ ಕೂದಲು, ಎಣ್ಣೆಗೆ ಮಣ್ಣು ಸೇರಿ ಕಪ್ಪಾದ ಜಿಡ್ಡು. ಮಗ ಎಲ್ಲಾ ಎಳೆ ಬಿಡಿಸಿ ಸ್ಕೇಲಿನ ಪಕ್ಕ ಇಟ್ಟ. ಒಂದು ನಾರು 14 ಸೆಂಟಿಮೀಟರ್ ಇತ್ತು. ಅದರ ಹಿಂದಿನ ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಮರಳು ಅರೆದ ಹಾಗೇ ಇತ್ತು. ಬಲಗಡೆಯದು ಬಿಚ್ಚಿ ತಿರುಗಿಸಿದಾಗ ವ್ಯತ್ಯಾಸ ಅವನಿಗೇ ತಿಳಿಯಿತು, ಎರಡನ್ನೂ ಕಿವಿ ಹತ್ತಿರ ಹಿಡಿದು ತಿರುಗಿಸಿ ಕೇಳಿದ. ನಂಬರ್ ಓದಿ ಬರೆದುಕೊಂಡಿದ್ದೇವೆ, ತಮ್ಮ ಮುಂದಿನ ವಾರ ಬೆಂಗಳೂರಿನಿಂದ ಬರುವಾಗ ರಬ್ಬರ್ ಮುಚ್ಚಳದ್ದು ತರುತ್ತಾನೆ. ನಾಲ್ಕು ಚಕ್ರಕ್ಕೂ ಸೇರಿಸಿಯೇ ತರಲು ಹೇಳಿದ್ದೇನೆ.

ಬ್ಯಾಟರಿ ಕುಂಡದಲ್ಲಿದೆ. ಹೊಸ ಬ್ಯಾಟರಿ, ಬ್ಯಾಲೆನ್ಸ್ ಚಾರ್ಜರ್, ಬಜರ್ ಮೂರೂ ಹೇಳಿದ್ದಾಗಿದೆ. ಸರ್ವೊದಲ್ಲಿ 3 ವೈರು. ಆದರೆ ರಿಸೀವರ್, ಕಂಟ್ರೋಲರ್ ಒಂದೇ ಬೋರ್ಡು. ಬ್ರಷ್‌ಲೆಸ್ ಹಾಕಿದರೆ ಏನೇನು ಬದಲಾಗಬೇಕು ಅಂತ ಮಗನ ಜೊತೆ ಕೂತು ಬರೆದೆವು. ಅದನ್ನು ನೋಡಿ ಅವನೇ ಮೊದಲು ರಿಮೋಟ್ ತಗೊಳ್ಳೋಣ ಅಂದ.

ಇನ್ನೊಂದು ಪ್ರಶ್ನೆ ಉಳಿದಿದೆ. ಬಿಚ್ಚಿದಾಗ ಮುಂದಿನ ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್ ಒಂದರಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು, ಕಾಂಪೌಂಡಿಗೆ ಗುದ್ದಿದ್ದು ಇರಬೇಕು. ಅಂತರ್ಜಾಲದಲ್ಲಿ ಅಲ್ಯೂಮಿನಿಯಂ ಆರ್ಮ್ ಸಿಗುತ್ತದೆ, ನೋಡಲೂ ಚೆಂದ. ಅದನ್ನೇ ಹಾಕಿಬಿಡಲಾ?

ಕೆಂಪು ಮಣ್ಣು, ಕೋಲಾರ

ಬೇಡ ಅಕ್ಕ. ನಾನು ಹಾಕಿ ನೋಡಿದ್ದೇನೆ. ಪ್ಲಾಸ್ಟಿಕ್ ಆರ್ಮ್ ಗುದ್ದಿದಾಗ ಬಾಗಿ ಮತ್ತೆ ನೇರ ಆಗುತ್ತದೆ, ತೀರಾ ಜೋರಾದರೆ ಮುರಿಯುತ್ತದೆ, ಎರಡು ಪಿನ್ ತೆಗೆದು ಹೊಸದು ಹಾಕಿದರೆ ಆಯಿತು. ಅಲ್ಯೂಮಿನಿಯಂ ಬಾಗಿದರೆ ಬಾಗಿಯೇ ಉಳಿಯುತ್ತದೆ, ಚಕ್ರ ಓರೆಯಾಗುತ್ತದೆ. ಅದು ಬಾಗದಿದ್ದರೆ ಪೆಟ್ಟು ಒಳಗೆ ಹೋಗಿ ಗೇರ್‌ಬಾಕ್ಸ್ ಡಬ್ಬ ಒಡೆಯುತ್ತದೆ, ಅದು ದುಬಾರಿ. ಅದರ ಬದಲು ಪ್ಲಾಸ್ಟಿಕ್ ಆರ್ಮ್ ಎರಡು ಜೊತೆ ತಂದಿಟ್ಟುಕೊಳ್ಳಿ. ಅಲ್ಯೂಮಿನಿಯಂಗೆ ದುಡ್ಡು ಹಾಕಲೇಬೇಕು ಅಂದರೆ ಮೋಟರ್ ಕೂರಿಸುವ ಪಟ್ಟಿಗೆ ಹಾಕಿ, ಬಿಸಿಯನ್ನಾದರೂ ಹೊರಗೆ ಎಳೆಯುತ್ತದೆ.

ಮುಂದೆ ಬಂಪರಿಗೆ ದಪ್ಪ ಫೋಮ್ ಹಾಕಿ. ಅಂಗಡಿಯಲ್ಲಿ ಹುಡುಕಬೇಡಿ, ಸವೆದ ಹವಾಯಿ ಚಪ್ಪಲಿ ಇದ್ದರೆ ಸಾಕು. ಬಂಪರಿಗಿಂತ ಒಂದು ಬೆರಳು ಅಗಲ ಬಿಟ್ಟು ಅರ್ಧ ಚಂದ್ರದ ಹಾಗೆ ಕತ್ತರಿಸಿ, ಎರಡು ಕೇಬಲ್ ಟೈನಲ್ಲಿ ಕಟ್ಟಿ. ಚಕ್ರ ಪೂರ್ತಿ ತಿರುಗಿದಾಗ ಫೋಮಿಗೆ ತಾಗಬಾರದು, ಅಷ್ಟು ನೋಡಿಕೊಳ್ಳಿ. ಬಾಡಿ ಒಡೆಯಲು ಶುರುವಾಗಿದ್ದರೆ ಒಳಗಡೆಯಿಂದ ಗೋಡೆ ಬಿರುಕಿಗೆ ಹಾಕುವ ಬಲೆ ಟೇಪ್ ಅಂಟಿಸಿ, ಅದರ ಮೇಲೆ ಬಾಗಿದರೂ ಬಿರಿಯದ ರಬ್ಬರಿನಂಥ ಅಂಟು ಸವರಿ. ಮೊದಲು ಮೂಲೆಯಲ್ಲಿ ಸ್ವಲ್ಪ ಹಚ್ಚಿ ನೋಡಿ, ಕೆಲವು ಅಂಟು ಬಾಡಿಯ ಪ್ಲಾಸ್ಟಿಕ್ಕನ್ನೇ ಮಂಜು ಮಾಡುತ್ತವೆ.

ತಿಪಟೂರಿನ ಅಮ್ಮ

ಹದಿನೈದು ದಿನ ಆದಮೇಲೆ ಬರೆಯುತ್ತಿದ್ದೇನೆ. ಬೇರಿಂಗ್ ಎಲ್ಲಾ ಹೊಸದು, ಬ್ಯಾಟರಿ ಹೊಸದು, ಪಿನಿಯನ್ 2 ಹಲ್ಲು ಕಡಿಮೆಯದು. ಕಾಗದದ ಪಟ್ಟಿ ಮೊದಲ ಸಲ ಹರಿಯಿತು, ಎರಡನೆಯ ಸಲ ನೆರಿಗೆ ಬಿದ್ದು ಬಂತು. ಟ್ರಿಮ್ ಮತ್ತೆ ನಡುವಿಗೆ ತಂದೆವು, ಕಾರು ನೇರ ಹೋಗುತ್ತದೆ. ನಿನ್ನೆ ಬಜರ್ ಕೂಗಿದಾಗ 14 ನಿಮಿಷ ಆಗಿತ್ತು, ಮೋಟರ್ ಮೇಲೆ ಬೆರಳು ಇಟ್ಟುಕೊಂಡೇ ಇರಬಹುದು, ಅಷ್ಟೇ ಬೆಚ್ಚಗೆ.

ಮಗ ಒಂದು ನೋಟ್‌ಬುಕ್ ಮಾಡಿದ್ದಾನೆ. ತಾರೀಕು, ಎಷ್ಟು ನಿಮಿಷ, ಯಾವ ಚಕ್ರದಲ್ಲಿ ನಾರು ಸಿಕ್ಕಿತು, ಎಷ್ಟು ಉದ್ದ. ಹಿಂದಿನ ಬಲ ಚಕ್ರದಲ್ಲೇ ಜಾಸ್ತಿ ಸಿಗುತ್ತಿದೆ ಅಂತ ಅವನೇ ಕಂಡುಹಿಡಿದ. ಮಾವನವರು ಈಗ ಕಾಯಿ ಸುಲಿಯುವ ಜಾಗವನ್ನು ಬಾವಿಯ ಆಚೆ ಬದಿಗೆ ಬದಲಾಯಿಸಿದ್ದಾರೆ, ನಮ್ಮ ಕಡೆ ಅಂಗಳ ಗುಡಿಸಿ ಸುಣ್ಣದಲ್ಲಿ ಒಂದು ಟ್ರ್ಯಾಕ್ ಎಳೆದುಕೊಟ್ಟಿದ್ದಾರೆ. ಬಂಪರಿಗೆ ಅವರದೇ ಹಳೆ ಹವಾಯಿ ಚಪ್ಪಲಿ, ಎಡಗಾಲಿನದು. ಬಲಗಾಲಿನದನ್ನು ಮಗ ತೆಗೆದಿಟ್ಟಿದ್ದಾನೆ, ಇದು ಹರಿದ ಮೇಲೆ ಬೇಕಂತೆ.